‘ಕೂತ್ಕೋ’ ಅಂದಷ್ಟೂ ಏಳುವ ಹುಡುಗ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಲಾಗಿದೆ.)

ನಾಲ್ಕನೇ ತರಗತಿಯ ಹುಡುಗ, ವಯಸ್ಸು ಒಂಬತ್ತು. ಕೂತಲ್ಲಿ ಕೂರುವುದಿಲ್ಲ, ಕೇಳುವ ಮೊದಲೇ ಉತ್ತರ ಕೂಗುತ್ತಾನೆ, ಪಕ್ಕದವರ ಪೆನ್ಸಿಲ್ ಎಳೆಯುತ್ತಾನೆ ಎಂದು ದೂರು. ಓದಿನಲ್ಲಿ ಹಿಂದೆ ಬಿದ್ದಿಲ್ಲ, ಬರವಣಿಗೆ ಮಾತ್ರ ನಿಧಾನ. ಕ್ಲಾಸ್ ಟೀಚರ್ ಅನುಭವಸ್ಥರು. ಅವರು ಹೇಳಿದ್ದು ಇಷ್ಟು: “ಬೈದೂ ನೋಡಿದೆ, ಮುದ್ದಿನಿಂದ ಹೇಳಿಯೂ ನೋಡಿದೆ, ಸ್ಟಾರ್ ಕೊಟ್ಟೂ ನೋಡಿದೆ. ಯಾವುದೂ ನಾಟೋದಿಲ್ಲ.”

ಸ್ಟಾರ್ ಚಾರ್ಟ್ ಸೋತದ್ದು ಯಾಕೆಂದು ತಿಳಿಯಲು ಅದನ್ನು ಒಮ್ಮೆ ನೋಡಿದರೆ ಸಾಕಿತ್ತು. ವಾರವಿಡೀ ‘ಒಳ್ಳೆಯ ಹುಡುಗ’ನಾಗಿದ್ದರೆ ವಾರದ ಕೊನೆಗೆ ಒಂದು ಸ್ಟಾರ್, ಒಂದು ತಪ್ಪು ಮಾಡಿದರೂ ಅದು ಇಲ್ಲ. ಸೋಮವಾರದ ಎರಡನೇ ಪೀರಿಯಡ್‌ಗೇ ಆ ವಾರದ ಸ್ಟಾರ್ ಹೋಗುತ್ತಿತ್ತು. ಮಿಕ್ಕ ನಾಲ್ಕು ದಿನ ಸರಿಯಾಗಿರಲು ಅವನಿಗೆ ಕಾರಣವೇ ಉಳಿಯುತ್ತಿರಲಿಲ್ಲ. ಅದೂ ಅಲ್ಲದೆ ‘ಒಳ್ಳೆಯ ಹುಡುಗ’ ಅಂದರೆ ಏನು ಮಾಡಬೇಕು ಎನ್ನುವುದು ಆ ಚಾರ್ಟ್‌ನಲ್ಲಿ ಎಲ್ಲಿಯೂ ಇರಲಿಲ್ಲ.

ಹೊಸ ಬಹುಮಾನ ಹುಡುಕುವುದಕ್ಕೆ ಮೊದಲು, ಈಗಿನ ವರ್ತನೆಗೆ ಯಾವ ಬಹುಮಾನ ಸಿಗುತ್ತಿದೆ ಎಂದು ನೋಡಬೇಕು. ಸಲಹೆ ಕೊಡಲು ಹೋದ ನಾವು ಮೂರು ದಿನ ಹಿಂದಿನ ಬೆಂಚಿನಲ್ಲಿ ಕೂತು, 40 ನಿಮಿಷದ ಪೀರಿಯಡ್‌ಗಳಲ್ಲಿ ಮೂರು ಕಾಲಂ ಹಾಕಿ ಬರೆದುಕೊಂಡೆವು: ಮೊದಲು ಏನಾಯಿತು, ಹುಡುಗ ಏನು ಮಾಡಿದ, ಕೂಡಲೇ ಏನು ಸಿಕ್ಕಿತು. ‘ತುಂಟತನ’ವನ್ನು ಎಣಿಸಲು ಬರುವುದಿಲ್ಲ. ‘ಬೆಂಚು ಬಿಟ್ಟು 5 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತದ್ದು’, ‘ಹೆಸರು ಕರೆಯದೆ ಉತ್ತರ ಕೂಗಿದ್ದು’ ಇವನ್ನು ಎಣಿಸಬಹುದು.

ಭಾಷೆಯ ಪೀರಿಯಡ್‌ನ ಒಂದು ತುಣುಕು ಹೀಗಿತ್ತು. ಹುಡುಗ ಕೈ ಎತ್ತಿದ. ಟೀಚರ್ ಬೋರ್ಡ್ ಕಡೆ ತಿರುಗಿದ್ದರು. ಎತ್ತಿದ ಕೈ ಇಳಿಯಲಿಲ್ಲ, ನೋವು ಬಂದಾಗ ಇನ್ನೊಂದು ಕೈಯಲ್ಲಿ ಮೊಣಕೈ ಹಿಡಿದುಕೊಂಡ. ಟೀಚರ್ ಮುಂದಿನ ಸಾಲಿನ ಹುಡುಗಿಯನ್ನು ಕೇಳಿದರು. ಇವನು ಎದ್ದು ನಿಂತು ಉತ್ತರ ಕೂಗಿದ. ಟೀಚರ್ ತಿರುಗಿ, ಹೆಸರು ಹಿಡಿದು, “ಎಷ್ಟು ಸಲ ಹೇಳಬೇಕು ನಿನಗೆ? ಕೂತ್ಕೋ” ಎಂದರು. ಇಡೀ ಕ್ಲಾಸು ಅವನನ್ನು ನೋಡಿತು. ಕೂತ, ಪಕ್ಕದವನ ಕಡೆ ತಿರುಗಿ ಸಣ್ಣಗೆ ನಕ್ಕ.

ಕೈ ಎತ್ತಿದ್ದಕ್ಕೆ ಸಿಕ್ಕಿದ್ದು ಏನೂ ಇಲ್ಲ. ಕೂಗಿದ್ದಕ್ಕೆ ಟೀಚರ ಕಣ್ಣು, ತನ್ನ ಹೆಸರು, ಇಡೀ ಕ್ಲಾಸಿನ ಗಮನ ಎಲ್ಲವೂ ಸಿಕ್ಕಿತು. ಪೀರಿಯಡ್‌ಗೆ ಸರಾಸರಿ 14 ಸಲ ಕೂಗುವುದೋ ಏಳುವುದೋ ನಡೆಯುತ್ತಿತ್ತು, ಅದರಲ್ಲಿ 12 ಸಲ ಟೀಚರ್ ಏನಾದರೂ ಅನ್ನುತ್ತಿದ್ದರು. ಕೈ ಎತ್ತುತ್ತಿದ್ದದ್ದು 9 ಸಲ, ಅವಕಾಶ ಸಿಗುತ್ತಿದ್ದದ್ದು ಒಂದು ಸಲ. ಗದರಿಕೆ ಟೀಚರಿಗೆ ಶಿಕ್ಷೆಯಂತೆ ಕಾಣುತ್ತಿತ್ತು, ಹುಡುಗನಿಗೆ ಅದೇ ಪುನರ್ಬಲನವಾಗಿತ್ತು. ಒಂದು ವರ್ತನೆಯ ನಂತರ ಸಿಕ್ಕಿದ್ದರಿಂದ ಆ ವರ್ತನೆ ಹೆಚ್ಚಾದರೆ ಸಿಕ್ಕಿದ್ದು ಪುನರ್ಬಲನ, ಕೊಟ್ಟವರ ಉದ್ದೇಶ ಏನೇ ಇರಲಿ. ಇದು ಹಳೆಯ ಸಂಗತಿ. 1968ರಲ್ಲಿ ಅಮೆರಿಕದ ಸಂಶೋಧಕರಾದ ಮ್ಯಾಡ್ಸನ್, ಬೆಕರ್ ಮತ್ತು ಸಂಗಡಿಗರು ಪುಟ್ಟ ಮಕ್ಕಳ ತರಗತಿಯಲ್ಲಿ ಇದನ್ನೇ ತೋರಿಸಿದ್ದರು: ಟೀಚರ್ ‘ಕೂತ್ಕೋ’ ಎನ್ನುವುದು ಹೆಚ್ಚಾದಂತೆ ಏಳುವ ಮಕ್ಕಳೂ ಹೆಚ್ಚಾದರು, ಕೂತು ಕೆಲಸ ಮಾಡುವವರನ್ನು ಮೆಚ್ಚಿ ಮಾತಾಡಿದಾಗ ಏಳುವುದು ಇಳಿಯಿತು.

ಗಣಿತದ ಪೀರಿಯಡ್‌ನ ಹಾಳೆ ಬೇರೆಯೇ ಕಥೆ ಹೇಳಿತು. ಅಲ್ಲಿ ಮೊದಲ ಹತ್ತು ನಿಮಿಷ ಸದ್ದಿಲ್ಲ. ಬೋರ್ಡ್ ಮೇಲಿನ 12 ಲೆಕ್ಕ ಬರೆದುಕೊಳ್ಳಿ ಎಂದ ಮೇಲೆ ಪೆನ್ಸಿಲ್ ಎಳೆಯುವ ಕೆಲಸ ಶುರು. ಎರಡು ಎಚ್ಚರಿಕೆ, ಮೂರನೆಯದಕ್ಕೆ ಹೊರಗೆ. ಬಾಗಿಲ ಹೊರಗೆ ಹುಡುಗ ಗೋಡೆಗೆ ಒರಗಿ ಹಾಯಾಗಿ ನಿಂತಿರುತ್ತಿದ್ದ. ಪೆನ್ಸಿಲ್ ಎಳೆದರೆ ಬರೆಯುವ ಕೆಲಸ ತಪ್ಪುತ್ತದೆ ಎಂದು ಅವನು ಕಲಿತಿದ್ದ. ಬೇಡದ್ದು ದೂರವಾಗಿ ವರ್ತನೆ ಬಲವಾಗುವುದೇ ಋಣಾತ್ಮಕ ಪುನರ್ಬಲನ. ತರಬೇತಿಯಲ್ಲಿ ಇದನ್ನು ಓದಿದವರೂ ಇದನ್ನು ಶಿಕ್ಷೆಯ ಇನ್ನೊಂದು ಹೆಸರು ಎಂದುಕೊಳ್ಳುತ್ತಾರೆ. ಶಿಕ್ಷೆ ವರ್ತನೆಯನ್ನು ಕಡಿಮೆ ಮಾಡುತ್ತದೆ, ಇದು ಹೆಚ್ಚು ಮಾಡುತ್ತದೆ. ಇದೇ ಬಲೆಗೆ ಟೀಚರೂ ಬಿದ್ದಿದ್ದರು. ಹುಡುಗ ಹೊರಗೆ ಹೋದ ಕೂಡಲೇ ಕ್ಲಾಸು ತಣ್ಣಗಾಗುತ್ತಿತ್ತು, ಹಾಗಾಗಿ ಹೊರಗೆ ಕಳಿಸುವ ಅಭ್ಯಾಸ ಅವರಲ್ಲೂ ಗಟ್ಟಿಯಾಗುತ್ತಾ ಹೋಗಿತ್ತು.

ಒಂದೇ ಹುಡುಗ, ಎರಡು ಪೀರಿಯಡ್, ಎರಡು ಬೇರೆ ಲಾಭ. ಹಾಗಾಗಿ ಸಲಹೆಯೂ ಎರಡು ಬಗೆ.

ಭಾಷೆಯ ಪೀರಿಯಡ್‌ಗೆ ಮೊದಲ ಸೂಚನೆ: ಕೈ ಎತ್ತಿದ ಪ್ರತಿ ಸಲವೂ 2–3 ಸೆಕೆಂಡಿನೊಳಗೆ ಏನಾದರೂ ಸಿಗಬೇಕು. ಪ್ರತಿ ಸಲ ಉತ್ತರ ಹೇಳಿಸಲು ಆಗುವುದಿಲ್ಲ, ಅದು ಬೇಕಾಗಿಯೂ ಇಲ್ಲ. “ನಿನ್ನ ಕೈ ನೋಡಿದೆ, ಇವಳಾದ ಮೇಲೆ ನೀನು” ಅಂದರೆ ಸಾಕು. ಬರೀ “ವೆರಿ ಗುಡ್” ಅಂದರೆ ಯಾವುದಕ್ಕೆ ಎಂದು ಮಗುವಿಗೆ ಗೊತ್ತಾಗುವುದಿಲ್ಲ. “ಕೈ ಎತ್ತಿ ಕಾದೆಯಲ್ಲ, ಹೇಳು” ಅಂದರೆ ಗೊತ್ತಾಗುತ್ತದೆ. ಕಾಯುವ ಹೊತ್ತನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು: ಮೊದಲು 5 ಸೆಕೆಂಡ್, ಆಮೇಲೆ 10, ಆಮೇಲೆ 20. ಐದು ಸಲದಲ್ಲಿ ನಾಲ್ಕು ಸಲ ಕಾದರೆ ಮಾತ್ರ ಮುಂದಿನ ಮೆಟ್ಟಿಲು, ಎಡವಿದರೆ ಒಂದು ಮೆಟ್ಟಿಲು ಕೆಳಗೆ. ಮೊದಲ ದಿನವೇ 20 ಸೆಕೆಂಡ್ ಬೇಕು ಅಂದರೆ ಸ್ಟಾರ್ ಚಾರ್ಟ್‌ನ ಗತಿಯೇ ಇದಕ್ಕೂ.

ಹೊಗಳುವುದು ಮರೆತುಹೋಗುತ್ತದೆ ಎಂದು ಟೀಚರ್ ಹೇಳಿದರು, ನಿಜವೇ. ಎಡಗೈಗೆ 10 ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ, ಒಂದು ಮೆಚ್ಚುಗೆಗೆ ಒಂದು ಬ್ಯಾಂಡ್ ಬಲಗೈಗೆ ಎಂದೆವು. ಹತ್ತರಲ್ಲಿ ಮೂರು ಈ ಹುಡುಗನಿಗೆ, ಏಳು ಉಳಿದವರಿಗೆ. “ಅವನಿಗೆ ಮಾತ್ರ ಯಾಕೆ, ಮಿಸ್?” ಎಂದು ಉಳಿದ ಮಕ್ಕಳು ಕೇಳುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಕೂಗಿದಾಗ ನೋಡಬಾರದು, ಹೆಸರು ಹೇಳಬಾರದು, ನಿಟ್ಟುಸಿರೂ ಬಿಡಬಾರದು. ಹತ್ತಿರದಲ್ಲೇ ಕೈ ಎತ್ತಿ ಕೂತ ಮಗುವನ್ನು ಕೇಳಿ, ಇವನು ಕೂತು ಕೈ ಎತ್ತಿದ ಕ್ಷಣ ಇವನ ಕಡೆ ಬರಬೇಕು. ಹುಡುಗ ಇನ್ನೊಬ್ಬರನ್ನು ಹೊಡೆಯುವುದು, ನೋಯಿಸುವುದು ಈ ಲೆಕ್ಕಕ್ಕೆ ಸೇರುವುದಿಲ್ಲ, ಅವನ್ನು ಕೂಡಲೇ ತಡೆಯಲೇಬೇಕು. ಇನ್ನೊಂದು ಎಚ್ಚರಿಕೆಯನ್ನೂ ಮೊದಲೇ ಹೇಳಿದ್ದೆವು: ಸಿಗುತ್ತಿದ್ದದ್ದು ನಿಂತಾಗ ವರ್ತನೆ ಮೊದಲು ಜೋರಾಗುತ್ತದೆ, ಆಮೇಲೆ ಇಳಿಯುತ್ತದೆ.

ಹಾಗೇ ಆಯಿತು. ಮೂರನೇ ದಿನ 14 ಇದ್ದದ್ದು 21ಕ್ಕೆ ಏರಿತು. ನಾಲ್ಕನೇ ದಿನ ಟೀಚರ ತಾಳ್ಮೆ ತಪ್ಪಿ ಗಟ್ಟಿಯಾಗಿಯೇ ಗದರಿದರು. ಇಂಥ ಹೊತ್ತಿನ ಒಂದು ಗದರಿಕೆ ಬಹಳ ದುಬಾರಿ. ಆಗೊಮ್ಮೆ ಈಗೊಮ್ಮೆ ಪುನರ್ಬಲನ ಸಿಗುವ ವರ್ತನೆ ಪ್ರತಿ ಸಲ ಸಿಗುವ ವರ್ತನೆಗಿಂತ ಗಟ್ಟಿ, ಸುಲಭಕ್ಕೆ ಬಿಡುವುದಿಲ್ಲ ಎಂದು ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲೇ ಪ್ರಯೋಗಗಳ ಆಧಾರದಲ್ಲಿ ವಿವರವಾಗಿ ದಾಖಲಿಸಿದ್ದರು. ‘ಇಪ್ಪತ್ತು ಸಲ ಕೂಗಿದರೆ ಇಪ್ಪತ್ತೊಂದನೆಯದಕ್ಕೆ ಸಿಗುತ್ತದೆ’ ಎಂಬ ಪಾಠ ಹುಡುಗನಿಗೆ ಆಯಿತು. ಇದನ್ನು ಟೀಚರ ತಪ್ಪು ಎನ್ನಲಾಗದು. ಇಡೀ ತರಗತಿಯನ್ನು ಎದುರಿಗಿಟ್ಟುಕೊಂಡು ಪೂರ್ತಿ ಕಡೆಗಣಿಸುವುದು ಪುಸ್ತಕದಲ್ಲಿ ಇರುವಷ್ಟು ಸುಲಭವಲ್ಲ. ಯೋಜನೆಯನ್ನೇ ಬದಲಿಸಿದೆವು: ಸುಮ್ಮನಿರಲು ಆಗದಿದ್ದರೆ ಹತ್ತಿರ ಹೋಗಿ, ಕಣ್ಣು ಸೇರಿಸದೆ, ಬೆಂಚಿನ ಮೇಲೆ ಎರಡು ಸಲ ಬೆರಳು ತಟ್ಟಿ ಮುಂದೆ ಹೋಗಿ. ಮಾತಿಲ್ಲ, ನೋಡುವವರಿಗೆ ತಮಾಷೆಯೂ ಇಲ್ಲ. ಪಕ್ಕದವನ ನಗುವೂ ಒಂದು ಬಹುಮಾನವೇ ಆದ್ದರಿಂದ ಆ ಜೋಡಿಯ ಜಾಗವನ್ನೂ ಬದಲಿಸಲಾಯಿತು.

ಗಣಿತದಲ್ಲಿ ಮೆಚ್ಚುಗೆಯಾಗಲಿ ಬಹುಮಾನವಾಗಲಿ ಮೊದಲ ಮದ್ದಲ್ಲ. ಕೆಲಸವೇ ಅವನ ಕೈ ಮೀರುತ್ತಿತ್ತು. ಕಣ್ಣು ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಲಾಯಿತು, ಕಣ್ಣು ಸರಿಯಾಗಿತ್ತು. ಬೋರ್ಡ್ ನೋಡಿ ನಕಲು ಮಾಡುವ ವೇಗವೇ ಕಡಿಮೆ. ಬರೆದ ಹಾಳೆಯನ್ನೇ ಕೊಟ್ಟು, 12 ಲೆಕ್ಕವನ್ನು ನಾಲ್ಕು ನಾಲ್ಕರ ಮೂರು ತುಂಡು ಮಾಡಲಾಯಿತು. ಒಂದು ತುಂಡು ಮುಗಿದರೆ ಬೋರ್ಡ್ ಒರೆಸುವುದೋ ಪುಸ್ತಕ ಹಂಚುವುದೋ ಅವನಿಗೆ ಬಿಡುತ್ತಿದ್ದರು. ಇಷ್ಟದ ಕೆಲಸವನ್ನು ಕಷ್ಟದ ಕೆಲಸದ ಬೆನ್ನಿಗೆ ಕಟ್ಟುವ ಈ ಉಪಾಯಕ್ಕೆ ಮನೋವಿಜ್ಞಾನಿ ಡೇವಿಡ್ ಪ್ರೀಮ್ಯಾಕ್ ಅವರ ಹೆಸರೇ ಇದೆ. ಜೊತೆಗೆ ಪೀರಿಯಡ್‌ಗೆ ಎರಡು ‘ವಿರಾಮ’ ಚೀಟಿ. ಚೀಟಿ ಮೇಜಿನ ಮೇಲಿಟ್ಟರೆ ಎರಡು ನಿಮಿಷ ಬಿಡುವು, ಯಾರೂ ಏನೂ ಕೇಳುವಂತಿಲ್ಲ. ತಪ್ಪಿಸಿಕೊಳ್ಳುವ ದಾರಿ ಮುಚ್ಚಲಿಲ್ಲ, ಪೆನ್ಸಿಲ್ ಎಳೆಯುವ ಬದಲು ಚೀಟಿ ಇಡು ಎಂದು ದಾರಿ ಬದಲಿಸಿದ್ದಷ್ಟೆ. ಹೊರಗೆ ಕಳಿಸಲೇಬೇಕಾಗಿ ಬಂದರೆ, ವಾಪಸ್ ಬಂದಾಗ ಬಿಟ್ಟ ಲೆಕ್ಕದಿಂದಲೇ ಶುರು. ಇದೊಂದು ತಪ್ಪಿದರೆ ಉಳಿದದ್ದೆಲ್ಲ ನೀರಲ್ಲಿ ಹೋಮ.

ಎರಡೂ ಪೀರಿಯಡ್‌ಗೆ ಸೇರಿ ಸ್ಟಾರ್ ಚಾರ್ಟ್ ಬದಲು ಒಂದು ಕಾರ್ಡು ಮಾಡಿದೆವು. ಅದರಲ್ಲಿ 10 ಚೌಕ, ಕೈ ಎತ್ತಿ ಕಾದರೆ ಒಂದು ಗುರುತು, ಲೆಕ್ಕದ ತುಂಡು ಮುಗಿದರೆ ಒಂದು. ಬಂದ ಗುರುತನ್ನು ಅಳಿಸುವಂತಿಲ್ಲ, ಆ ದಿನದ ಲೆಕ್ಕ ಆ ದಿನವೇ ಚುಕ್ತಾ. ಟೀಚರ್ ಸ್ಟಿಕ್ಕರ್ ತಂದಿದ್ದರು, ಹುಡುಗ ಅವನ್ನೆಲ್ಲ ಬೆಂಚಿನ ಅಡಿಗೆ ಅಂಟಿಸಿಟ್ಟಿದ್ದ. ಏನು ಬೇಕು ಎಂದು ಅವನನ್ನೇ ಕೇಳಿದಾಗ ಬಂದ ಉತ್ತರ: ಮುಂದೆ ನಿಂತು ಕ್ಲಾಸಿಗೆ ಐದು ನಿಮಿಷ ಒಗಟು ಹೇಳಬೇಕು. ಗಮನ ಬೇಕಾದವನು ಗಮನವನ್ನೇ ಕೇಳಿದ, ಈಗ ಸರಿಯಾದ ಬಾಗಿಲಿನಿಂದ. ಅವನು ಕಾರ್ಡು ತುಂಬಿಸಿದರೆ ಇಡೀ ಕ್ಲಾಸಿಗೆ ಒಗಟಿನ ಐದು ನಿಮಿಷ. ತುಂಬಿಸದಿದ್ದರೆ ಕ್ಲಾಸಿಗೆ ಶಿಕ್ಷೆ ಎಂದು ಮಾತ್ರ ಮಾಡಬೇಡಿ ಎಂದು ಎರಡು ಸಲ ಹೇಳಿದೆವು, ಆಗ ಮಕ್ಕಳೆಲ್ಲ ಅವನ ಮೇಲೆ ಬೀಳುತ್ತಾರೆ.

ಕಥೆಪುಸ್ತಕ ಓದಿದರೂ ಗುರುತು ಕೊಡೋಣವೇ ಎಂದು ಟೀಚರ್ ಕೇಳಿದರು. ಬೇಡ ಎಂದೆವು. ಅದನ್ನು ಅವನು ತಾನಾಗಿಯೇ ಓದುತ್ತಾನೆ. ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬಿಡಿಸಿದರೆ, ಮುಂದೆ ಬಿಡುವಿನ ವೇಳೆಯಲ್ಲಿ ಅವರು ಬಿಡಿಸುವುದು ಕಡಿಮೆಯಾಯಿತು ಎಂದು ಮನೋವಿಜ್ಞಾನಿ ಲೆಪರ್ ಮತ್ತು ಸಂಗಡಿಗರು 1973ರಲ್ಲಿ ಕಂಡಿದ್ದರು. ಆಸಕ್ತಿ ಇಲ್ಲದ ಕಡೆ ಮಾತ್ರ ಕಾರ್ಡು ಬಳಸಿ.

ಆರನೇ ವಾರ ಕೂಗುವುದು, ಏಳುವುದು ಸೇರಿ ಪೀರಿಯಡ್‌ಗೆ 4. ಗಣಿತದಲ್ಲಿ ಸರಾಸರಿ 9 ಲೆಕ್ಕ ಮುಗಿಯುತ್ತಿತ್ತು, ಎರಡನೇ ವಿರಾಮದ ಚೀಟಿ ಹೆಚ್ಚಿನ ದಿನ ಹಾಗೇ ಉಳಿಯುತ್ತಿತ್ತು. ಆಗ ಪ್ರತಿ ಸಲದ ಗುರುತನ್ನು ಎರಡು ಮೂರು ಸಲಕ್ಕೆ ಒಂದು ಮಾಡಿ, ಯಾವಾಗ ಬರುತ್ತದೆ ಎಂದು ಅವನಿಗೆ ಗೊತ್ತಾಗದಂತೆ ಮಾಡಲಾಯಿತು. ಮಾತಿನ ಮೆಚ್ಚುಗೆಯನ್ನು ಕಡಿಮೆ ಮಾಡಲಿಲ್ಲ. ಕಾರ್ಡನ್ನು ಒಂದೇ ದಿನ ನಿಲ್ಲಿಸಬಾರದು, ನಿಲ್ಲಿಸಿದ ವಾರವೇ ಹಳೆಯ ಹುಡುಗ ವಾಪಸ್ ಬರುತ್ತಾನೆ.

ಕ್ಲಾಸ್ ಟೀಚರ್ ರಜೆ ಹಾಕಿದ ದಿನ, ಬದಲಿಗೆ ಬಂದವರ ಪೀರಿಯಡ್‌ನಲ್ಲಿ ಅವನು ಹನ್ನೊಂದು ಸಲ ಎದ್ದ. ಅವರು ಹನ್ನೊಂದು ಸಲವೂ ‘ಕೂತ್ಕೋ’ ಅಂದಿದ್ದರು. ಮೂರು ಸಾಲಿನ ಚೀಟಿಯೊಂದನ್ನು ಬರೆದು ಅವನಿಗೆ ಪಾಠ ಮಾಡುವ ಎಲ್ಲರಿಗೂ ಕೊಡಲು ಹೇಳಿದೆವು: ಕೈ ಎತ್ತಿದರೆ ಕೂಡಲೇ ಗುರುತಿಸಿ, ಕೂಗಿದರೆ ಹೆಸರು ಹಿಡಿಯಬೇಡಿ, ಬರೆಯುವ ಕೆಲಸವನ್ನು ತುಂಡು ಮಾಡಿ ಕೊಡಿ. ಇಬ್ಬರು ಪಾಲಿಸುತ್ತಿದ್ದಾರೆ. ಒಬ್ಬರು ಈಗಲೂ ಹೊರಗೆ ಕಳಿಸುತ್ತಾರೆ, ಆ ಪೀರಿಯಡ್‌ನಲ್ಲಿ ಪೆನ್ಸಿಲ್ ಎಳೆಯುವುದು ಈಗಲೂ ನಿಂತಿಲ್ಲ.