ಅರಮನೆ ಮುಗಿಸಿ ಉಳಿದ ಒಂದೂವರೆ ಗಂಟೆಯಲ್ಲಿ ಕಸೆರ್ತಾದ ತೋಟ ನೋಡಬಹುದೇ?

ಆಗುವುದಿಲ್ಲ. ಇಟಲಿಯ ನೇಪಲ್ಸ್‌ನಿಂದ ಹತ್ತಿರದ ಕಸೆರ್ತಾ ಊರಿಗೆ ಅಪ್ಪ ಅಮ್ಮನ ಜೊತೆ ಹೋಗಿ, ಮೊದಲು ಅರಮನೆ, ಹೊತ್ತು ಉಳಿದರೆ ತೋಟ ಎಂದಿದ್ದೀರಿ. ನಾನೂ ಅಮ್ಮನನ್ನು ಕರೆದುಕೊಂಡು ಇದೇ ಲೆಕ್ಕದಲ್ಲಿ ಹೋಗಿದ್ದೆ.

ಜೂನ್ ತಿಂಗಳು. ರೈಲಿನಲ್ಲಿ ಮುಕ್ಕಾಲು ಗಂಟೆ. ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಅರಮನೆ. ಅದರಲ್ಲಿ 1200 ಕೋಣೆ. ಎಲ್ಲವನ್ನೂ ತೋರಿಸುವುದಿಲ್ಲ, ತೋರಿಸುವಷ್ಟಕ್ಕೇ ಸುಸ್ತಾಗುತ್ತದೆ. ನಾಲ್ಕನೇ ಕೋಣೆಯ ಹೊತ್ತಿಗೆ ಅಮ್ಮ ಚಾವಣಿಯ ಚಿತ್ರ ನೋಡುವುದು ಬಿಟ್ಟು ಕೂರುವುದಕ್ಕೆ ಜಾಗ ಹುಡುಕುತ್ತಿದ್ದಳು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಟಿಕೆಟ್ ತೆಗೆದುಕೊಂಡಿದ್ದೇವಲ್ಲ ಅಂತ ಕೊನೆಯ ಕೋಣೆಯ ತನಕ ನಡೆಸಿದೆ.

ನನ್ನ ನಿಜವಾದ ತಪ್ಪು ಇದರ ನಂತರದ್ದು. ಅರಮನೆಯ ನಡುವಿನ ಕಮಾನಿನಲ್ಲಿ ನಿಂತರೆ ನೇರ ದಾರಿ, ತುದಿಯಲ್ಲಿ ಗುಡ್ಡ, ಗುಡ್ಡದ ಮೇಲಿಂದ ಬಿಳಿ ಗೆರೆಯ ಹಾಗೆ ಜಲಪಾತ. ಎಲ್ಲ ಕಣ್ಣೆದುರಿಗೇ. ತೋಟದೊಳಗೆ ಮೇಲಿನ ತನಕ ಬಸ್ ಇದೆ, ಅದಕ್ಕೆ ಬೇರೆ ಟಿಕೆಟ್. "ಅಲ್ಲೇ ಕಾಣ್ತಿದೆಯಲ್ಲಮ್ಮ, ಸುಮ್ನೆ ದುಡ್ಡು ಯಾಕೆ" ಅಂದೆ. ಆ "ಅಲ್ಲೇ" ಮೂರು ಕಿಲೋಮೀಟರ್! ಹೋಗುವಾಗ ಪೂರ್ತಿ ಏರು. ಕಡಿದಾದ ಏರಲ್ಲ, ಮಂಡಿಗೆ ಮಾತ್ರ ಗೊತ್ತಾಗುವಂಥದ್ದು. ನಡುವಿನ ದಾರಿಗೆ ನೆರಳಿಲ್ಲ.

ಯಾಕೆ ಹತ್ತಿರ ಕಾಣುತ್ತದೆ ಅಂತ ಆಮೇಲೆ ಅರ್ಥವಾಯಿತು. ಲುಯಿಜಿ ವಾನ್ವಿತೆಲ್ಲಿ ಅನ್ನುವ ವಾಸ್ತುಶಿಲ್ಪಿಯ ಕೈಚಳಕ ಅದು. ಕೊಳಗಳು ಒಂದರ ಮೇಲೊಂದು ಮೆಟ್ಟಿಲಿನ ಹಾಗಿವೆ. ಕೆಳಗೆ ನಿಂತವರಿಗೆ ಕೊಳದ ಮುಂದಿನ ಅಂಚು ಕಾಣುತ್ತದೆ, ಅದರ ಹಿಂದೆ ಚಾಚಿಕೊಂಡ ನೀರಿನ ಉದ್ದ ಕಾಣುವುದಿಲ್ಲ. ಮಡಿಸಿಟ್ಟ ಸೀರೆಯಲ್ಲಿ ಅಂಚು ಮಾತ್ರ ಕಾಣುತ್ತದೆ ಅಲ್ವಾ, ಹಾಗೆ. ನಡೆಯುತ್ತಾ ಹೋದರೆ ಒಂದೊಂದೇ ಮಡಿಕೆ ಬಿಚ್ಚಿಕೊಳ್ಳುತ್ತದೆ. ಡಾಲ್ಫಿನ್‌ಗಳ ಬಾಯಿಂದ ನೀರು ಬೀಳುವ ಕಾರಂಜಿ ಮುಟ್ಟಿದೆವು, ಬಂತು ಅಂದುಕೊಂಡೆ, ಇನ್ನೊಂದು ಕೊಳ. ಗಾಳಿದೇವರು ಈಯೊಲಸ್‌ನ ಕಾರಂಜಿ ಮುಟ್ಟಿದೆವು, ಮತ್ತೊಂದು. ಜಲಪಾತ ಮಾತ್ರ ಮೊದಲು ಎಷ್ಟು ದೂರ ಇತ್ತೋ ಅಷ್ಟೇ ದೂರ. "ಇನ್ನೂ ಎಷ್ಟು ಕಣೋ?" ಅಂತ ಅಮ್ಮ ಮೂರು ಸಲ ಕೇಳಿದಳು. ಮೂರು ಸಲವೂ "ಇನ್ನು ಐದೇ ನಿಮಿಷ" ಅಂದೆ.

ಧಾನ್ಯದೇವತೆ ಸೆರೆಸ್‌ಳ ಕಾರಂಜಿಯ ಹತ್ತಿರ ಅಮ್ಮ ಚಪ್ಪಲಿ ಬಿಟ್ಟು ಕೂತೇಬಿಟ್ಟಳು. "ನೀನು ನೋಡ್ಕೊಂಡು ಬಾ" ಅಂದಳು. ಹಿಮ್ಮಡಿ ಉಜ್ಜಿ ಕೆಂಪಾಗಿತ್ತು. ನಾನು ಮೇಲಕ್ಕೆ ಓಡಿದೆ. 38 ಕಿಲೋಮೀಟರ್ ಕಾಲುವೆ ಕಟ್ಟಿಸಿ ತಂದ ನೀರು ಅಲ್ಲಿ ಬಂಡೆಗಳ ಮೇಲೆ ಬೀಳುತ್ತದೆ. ಬುಡದಲ್ಲಿ ಆಕ್ಟಿಯಾನ್‌ನ ಕಥೆ ಹೇಳುವ ಶಿಲ್ಪಗಳು. ಬೇಟೆಯ ದೇವತೆ ಡಯಾನಾ ಸ್ನಾನ ಮಾಡುವುದನ್ನು ನೋಡಿದ ತಪ್ಪಿಗೆ ಜಿಂಕೆಯಾಗುತ್ತಿರುವ ಬೇಟೆಗಾರ. ತಲೆ ಆಗಲೇ ಜಿಂಕೆಯದು, ಮೈ ಇನ್ನೂ ಮನುಷ್ಯನದು, ಸುತ್ತ ಅವನದೇ ನಾಯಿಗಳು. ಫೋನಿನಲ್ಲಿ ತೋರಿಸಿದಾಗ ಅಮ್ಮ "ಅಯ್ಯೋ, ಸಾಕಿದವನೇ ಅಂತ ಗೊತ್ತಾಗಲಿಲ್ವಾ ಅವಕ್ಕೆ" ಅಂದಳು. ಅದನ್ನು ಅವಳು ಕಣ್ಣಾರೆ ನೋಡಬೇಕಿತ್ತು.

ಮೇಲೆ ಬಲಕ್ಕೆ ಇಂಗ್ಲಿಷ್ ತೋಟ. 1786ರಲ್ಲಿ ನೇಪಲ್ಸ್‌ನ ರಾಣಿ ಮರಿಯಾ ಕರೋಲಿನಾ ಶುರು ಮಾಡಿಸಿದ್ದು. ಅಷ್ಟು ಹೊತ್ತಿಗೆ ಒಳಗೆ ಬಿಡುವುದನ್ನು ನಿಲ್ಲಿಸಿದ್ದರು. ಅದು ದೊಡ್ಡ ತೋಟಕ್ಕಿಂತ ಮುಂಚೆ ಮುಚ್ಚುತ್ತದೆ. ಮರುವರ್ಷ ಕೆಲಸದ ಮೇಲೆ ನೇಪಲ್ಸ್‌ಗೆ ಹೋದಾಗ ಒಬ್ಬನೇ ನೋಡಿ ಬಂದೆ: ಬೇಕೆಂದೇ ಪಾಳುಬಿದ್ದ ಹಾಗೆ ಕಟ್ಟಿದ ಗೋಡೆಗಳು, ಮರಗಳ ಕತ್ತಲಲ್ಲಿ ಚಿಕ್ಕ ಕೊಳ, ನೀರಿನ ಪಕ್ಕ ಮಂಡಿಯೂರಿದ ಅಮೃತಶಿಲೆಯ ವೀನಸ್. ಇಡೀ ಕಸೆರ್ತಾದಲ್ಲಿ ನನಗೆ ಹಿಡಿಸಿದ್ದು ಅದೊಂದೇ. 1752ರಲ್ಲಿ ಅರಮನೆಗೆ ಅಡಿಗಲ್ಲು ಹಾಕಿದ ನೇಪಲ್ಸ್‌ನ ರಾಜ ಚಾರ್ಲ್ಸ್ 1759ರಲ್ಲಿ ಸ್ಪೇನ್‌ಗೆ ರಾಜನಾಗಿ ಹೊರಟುಹೋದ, ಮುಗಿದದ್ದನ್ನು ನೋಡಲಿಲ್ಲ. ಅವನಿಗೆ ಕಾರಣವಾದರೂ ಇತ್ತು, ಅಮ್ಮ ನೋಡದೆ ಹೋದದ್ದು ನನ್ನ ತಪ್ಪಿನಿಂದ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ಅರಮನೆ ನೋಡಿ ಉಳಿದ ಹೊತ್ತಿಗೆ ತೋಟ ಅಲ್ಲ, ತೋಟ ನೋಡಿ ಕಾಲು ಉಳಿದರೆ ಅರಮನೆ. ಉಳಿಯದಿದ್ದರೆ ಬಿಡಿ, ಚಿನ್ನದ ಬಣ್ಣದ ಕೋಣೆಗಳನ್ನು ಮೈಸೂರಿನಲ್ಲೇ ನೋಡಿರುತ್ತಾರೆ. ಮಂಗಳವಾರ ಹೋಗಬೇಡಿ, ರಜೆ. ಮುಚ್ಚುವ ಹೊತ್ತು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ, ಮೊದಲೇ ನೋಡಿಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ, ಮೇಲಿನ ತನಕ ಬಸ್ಸಿನಲ್ಲಿ ಕೂರಿಸಿ, ಇಂಗ್ಲಿಷ್ ತೋಟ ಮುಗಿಸಿ. ನಡೆಯಲೇಬೇಕು ಅಂದರೆ ವಾಪಸ್ ಬರುವಾಗ ನಡೆಸಿ. ಅದು ಇಳಿಜಾರು, ಅರಮನೆಯೂ ಎದುರಿಗೇ ಕಾಣುತ್ತಿರುತ್ತದೆ. ಅದೂ ಹತ್ತಿರ ಇದ್ದ ಹಾಗೇ ಕಾಣುತ್ತದೆ, ನಂಬಬೇಡಿ.