ಚಂಡಮಾರುತ ಬಡಿದ ಊರಿಗೆ ಹಾಸನದಿಂದ ಏನು ತಗೊಂಡು ಹೋಗಬೇಕು, ಯಾವಾಗ ಹೋಗಬೇಕು?

ನಿಮ್ಮ ಪ್ರಶ್ನೆ ಓದಿದೆ. ಹಾಸನದ ಒಂದಷ್ಟು ಗೆಳೆಯರು ಸೇರಿ, ಚಂಡಮಾರುತದಿಂದ ಹಾಳಾದ ಪೂರ್ವ ಕರಾವಳಿಯ ಊರುಗಳಿಗೆ ಒಂದು ಲಾರಿ ಸಾಮಾನು ತಗೊಂಡು ಹೋಗಬೇಕು ಅಂತಿದ್ದೀರಿ. ಏನೇನು ತುಂಬಬೇಕು, ನಾವೇ ಹೋಗಬೇಕಾ ಇಲ್ಲ ದುಡ್ಡು ಕಳಿಸಿದರೆ ಸಾಕಾ ಅಂತ ಕೇಳಿದ್ದೀರಿ. ನನ್ನ ಉತ್ತರ ಇಷ್ಟು. ಸೇರಿದ ದುಡ್ಡಿನಲ್ಲಿ ಕಾಲು ಭಾಗ ಮಾತ್ರ ಈಗ ಖರ್ಚು ಮಾಡಿ. ಮಿಕ್ಕಿದ್ದನ್ನು ಎತ್ತಿಡಿ. ಒಂದೂವರೆ ಎರಡು ತಿಂಗಳು ಕಳೆದ ಮೇಲೆ ಮರ ಕೊಯ್ಯುವವರನ್ನು, ಬಡಗಿಗಳನ್ನು, ವೈರಿಂಗ್ ಗೊತ್ತಿರುವವರನ್ನು ಕರೆದುಕೊಂಡು ಹೋಗಿ. ನಮ್ಮ ಕಡೆಯವರಿಗೆ ಗೊತ್ತಿರುವ ಕೆಲಸ ಅಲ್ಲಿ ಅಕ್ಕಿ ಮೂಟೆಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

2018ರ ಆಗಸ್ಟ್ ನಿಮಗೂ ನೆನಪಿರಬೇಕು. ಕೊಡಗಿನಲ್ಲಿ ಗುಡ್ಡ ಕುಸಿದವು, ಸಕಲೇಶಪುರದ ಕಡೆಯೂ ಕುಸಿದವು. ಶಿರಾಡಿ ಘಾಟಿ ಬಂದ್ ಆಯಿತು. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ರೈಲು ಹಳಿ ಮೇಲೆ ಮಣ್ಣು ಬಂದು ಬಿತ್ತು. ಆಗ ಹಾಸನ, ಸಕಲೇಶಪುರ, ಅರಸೀಕೆರೆಯ ನಾವು ಕೆಲವರು ಒಟ್ಟಾಗಿ ಓಡಾಡಿದೆವು. ಹೆಸರಿಲ್ಲ, ಬೋರ್ಡಿಲ್ಲ, ಒಂದು ವಾಟ್ಸಾಪ್ ಗುಂಪು ಅಷ್ಟೇ. ಮೂರು ತಿಂಗಳು ಕಳೆಯುವುದರೊಳಗೆ, ನವೆಂಬರ್ 16ರ ನಸುಕಿನಲ್ಲಿ, ತಮಿಳುನಾಡಿನ ನಾಗಪಟ್ಟಿಣಂ ಮತ್ತು ವೇದಾರಣ್ಯಂ ನಡುವೆ ಗಜ ಚಂಡಮಾರುತ ದಡಕ್ಕೆ ಬಡಿಯಿತು. ಗಾಳಿಯ ವೇಗ ಗಂಟೆಗೆ 100 ಕಿ.ಮೀ. ದಾಟಿತ್ತು. ನಾಗಪಟ್ಟಿಣಂ, ತಿರುವಾರೂರು, ತಂಜಾವೂರು, ಪುದುಕೋಟೆ ಜಿಲ್ಲೆಗಳಿಗೆ ಪೆಟ್ಟು ಬಿತ್ತು. 60ಕ್ಕೂ ಹೆಚ್ಚು ಜನ ಸತ್ತರು. ಗುಂಪು ಇನ್ನೂ ಚದುರಿರಲಿಲ್ಲ, ಹೊರಟೆವು.

ತಂಜಾವೂರು ಜಿಲ್ಲೆಯ ಪಟ್ಟುಕೋಟೆ, ಪೇರಾವೂರಣಿ ಕಡೆ ಎಲ್ಲಿ ನೋಡಿದರೂ ತೆಂಗು. ನಮ್ಮ ಅರಸೀಕೆರೆ, ಚನ್ನರಾಯಪಟ್ಟಣದ ಹಾಗೆಯೇ ಮನೆ ನಡೆಯುವುದು ತೋಟದಿಂದ. ಅಂಥ ತೋಟಗಳಲ್ಲಿ ಮರಗಳು ಒಂದೇ ದಿಕ್ಕಿಗೆ ತಲೆ ಹಾಕಿ ಸಾಲಾಗಿ ಮಲಗಿದ್ದವು. ಕೆಲವು ಬೇರು ಸಮೇತ ಬಿದ್ದಿದ್ದವು, ಕೆಲವು ನಡುವಿನಲ್ಲೇ ಮುರಿದಿದ್ದವು. ನಮ್ಮ ಜೊತೆಗಿದ್ದ ಅರಸೀಕೆರೆಯ ಹಿರಿಯರೊಬ್ಬರು ಜೀಪಿನಿಂದ ಇಳಿದವರು ಎಷ್ಟೋ ಹೊತ್ತು ಮಾತಾಡಲಿಲ್ಲ. ಬರಗಾಲದ ವರ್ಷಗಳಲ್ಲಿ ಅವರ ತೋಟದ ಮರಗಳೂ ಸುಳಿ ಒಣಗಿ ಹೋಗಿದ್ದವು. ಅಪ್ಪ ನೆಟ್ಟ ಮರ ಹೋಗುವುದು ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಊರಿನ ರೈತರ ಜೊತೆ ಮೊದಲು ಮಾತು ಬೆಳೆಸಿದವರು ಅವರೇ. ಭಾಷೆ ಬರುತ್ತಿರಲಿಲ್ಲ. ಸಕಲೇಶಪುರದ ಎಸ್ಟೇಟಿನಲ್ಲಿ ಕೆಲಸ ಮಾಡುವ ತಮಿಳು ಮನೆಯ ಹುಡುಗನೊಬ್ಬ ನಮ್ಮ ಜೊತೆ ಬಂದಿದ್ದ, ಅವನು ಎರಡೂ ಕಡೆಗೆ ಹೇಳುತ್ತಿದ್ದ. ಅಂಥ ಒಬ್ಬರನ್ನು ನೀವೂ ಕರೆದುಕೊಂಡು ಹೋಗಿ. ಮಲೆನಾಡಿನ ಎಸ್ಟೇಟುಗಳಲ್ಲಿ ಖಂಡಿತ ಸಿಗುತ್ತಾರೆ.

ಆ ಊರಿನಲ್ಲಿ ಒಬ್ಬ ಅಜ್ಜಿಯ ಮನೆಗೆ ಅಕ್ಕಿ ಕೊಡಲು ಹೋದೆವು. ಅವರ ಜಗಲಿಯಲ್ಲಿ ಆಗಲೇ ಮೂರು ಕಡೆಯವರು ಕೊಟ್ಟ ಅಕ್ಕಿ ಚೀಲಗಳಿದ್ದವು. ಅವರು ಕೈ ಮುಗಿದು, "ತಂಬಿ, ಅಕ್ಕಿ ಇದೆ. ಈ ಮರ ತೆಗೆದುಕೊಡ್ತೀರಾ?" ಅಂತ ಕೇಳಿದರು. ಅಡುಗೆ ಮನೆ ಮೇಲೆ ಒಂದು ತೆಂಗಿನ ಮರ ಅಡ್ಡ ಬಿದ್ದಿತ್ತು. ಅದರ ಕೆಳಗೆ, ಹೊಗೆ ಹಿಡಿದ ಮೂಲೆಯಲ್ಲಿ, ಅವರು ಒಲೆ ಉರಿಸುತ್ತಿದ್ದರು. ಅಲ್ಲಿ ನಿಂತು ಒಂದು ಸಲ ನೋಡಿದರೆ ನಾನು ಮೇಲೆ ಹೇಳಿದ್ದು ಯಾಕೆ ಅಂತ ಗೊತ್ತಾಗುತ್ತದೆ. ಮೊದಲ ವಾರ ನಾಡಿನ ಎಲ್ಲ ಕಡೆಯಿಂದ ಊಟ, ಬಟ್ಟೆ, ಬಿಸ್ಕತ್ತು ಬಂದು ಬೀಳುತ್ತದೆ. ಮರ ತೆಗೆಯಲು ಬರುವವರು ಬಹಳ ಕಡಿಮೆ. ಎರಡನೇ ತಿಂಗಳಲ್ಲಂತೂ ಯಾರೂ ಬರುವುದಿಲ್ಲ.

ಹಾಗಂತ ಈಗ ಏನೂ ಕಳಿಸಬೇಡಿ ಅಂತಲ್ಲ. ಈಗ ಕಳಿಸುವುದಾದರೆ ಮೊದಲು ಜನರೇಟರ್. ಗಾಳಿಗೆ ಕಂಬ ಬಿದ್ದ ಮೇಲೆ ವಾರಗಟ್ಟಲೆ ಕರೆಂಟ್ ಇರುವುದಿಲ್ಲ. ಕರೆಂಟ್ ಇಲ್ಲ ಅಂದರೆ ಬೋರ್‌ವೆಲ್ ಮೋಟಾರ್ ಓಡುವುದಿಲ್ಲ, ಓವರ್‌ಹೆಡ್ ಟ್ಯಾಂಕ್ ತುಂಬುವುದಿಲ್ಲ, ಊರಿಗೆ ಊರೇ ಕುಡಿಯುವ ನೀರಿಗೆ ಪರದಾಡುತ್ತದೆ. ನಮ್ಮಲ್ಲಿ ಶಾಮಿಯಾನ, ಲೈಟಿಂಗ್ಸ್ ಬಾಡಿಗೆಗೆ ಕೊಡುವವರ ಹತ್ತಿರ ಗಾಡಿ ಮೇಲೆ ಕೂರಿಸಿದ ಜನರೇಟರ್ ಇರುತ್ತದೆ ಅಲ್ವಾ? ಅವರನ್ನು ಕೇಳಿ. ಮದುವೆ ಇಲ್ಲದ ದಿನಗಳಿದ್ದರೆ ಡೀಸೆಲ್ ಖರ್ಚಿಗೇ ಬರುತ್ತಾರೆ. ಒಂದು ಜನರೇಟರ್ ಊರಿಂದ ಊರಿಗೆ ಹೋಗಿ ಒಂದೊಂದು ಟ್ಯಾಂಕ್ ತುಂಬಿಸಬಹುದು, ಅದರ ಜೊತೆಗೇ ಜನ ಮೊಬೈಲ್ ಚಾರ್ಜ್ ಮಾಡಿಕೊಳ್ಳುತ್ತಾರೆ. ಯಾವ ಮೋಟಾರಿಗೆ ಎಷ್ಟು ಕೆವಿಎ (ಜನರೇಟರಿನ ಶಕ್ತಿಯ ಅಳತೆ) ಬೇಕು ಅಂತ ಫೋನಿನಲ್ಲೇ ಕೇಳಿಕೊಂಡು ಹೊರಡಿ.

ಆಮೇಲೆ ಟಾರ್ಪಾಲು. ಒಳ್ಳೆಯ ದಪ್ಪದ್ದೇ ತಗೊಳ್ಳಿ, ತೆಳು ಪ್ಲಾಸ್ಟಿಕ್ ಒಂದು ಮಳೆಗೂ ನಿಲ್ಲುವುದಿಲ್ಲ. ಟಾರ್ಪಾಲಿನಷ್ಟೇ ಹಗ್ಗವೂ ಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ. ಸೊಳ್ಳೆ ಪರದೆ, ಟಾರ್ಚು, ಮೇಣದಬತ್ತಿ, ಹೆಣ್ಣುಮಕ್ಕಳಿಗೆ ಪ್ಯಾಡು, ಒಳಉಡುಪು ಹೊಸದು, ಓಆರ್‌ಎಸ್, ಬ್ಲೀಚಿಂಗ್ ಪೌಡರ್. ಅಕ್ಕಿ ಕಳಿಸುವುದೇ ಆದರೆ ಆ ಕಡೆಯವರು ಯಾವ ಅಕ್ಕಿ ಉಣ್ಣುತ್ತಾರೆ ಅಂತ ಕೇಳಿ. ಕಾವೇರಿ ಬಯಲಿನ ಆ ಜಿಲ್ಲೆಗಳಲ್ಲಿ ಕುಸುಬಲಕ್ಕಿ ನಡೆಯುತ್ತದೆ. ರಾಗಿ ಹಿಟ್ಟು ನಮಗೆ ಜೀವ, ಆದರೆ ಮುದ್ದೆ ತಿರುವಿ ಅಭ್ಯಾಸ ಇಲ್ಲದ ಮನೆಗೆ ಕಷ್ಟದ ಹೊತ್ತಿನಲ್ಲಿ ಅದನ್ನು ಕೊಡಬಾರದು.

ಹಳೇ ಬಟ್ಟೆ ಮಾತ್ರ ದಯವಿಟ್ಟು ಬೇಡ. ಕೊಡಗಿನಲ್ಲೇ ನೋಡಿದ್ದೇನೆ, ಪರಿಹಾರ ಕೇಂದ್ರದ ಹೊರಗೆ ರಾಶಿ ಬಿದ್ದು ಮಳೆಯಲ್ಲಿ ನೆನೆದು ಕೊಳೆಯುತ್ತಿತ್ತು. ಅದನ್ನು ಎತ್ತಿ ಸಾಗಿಸುವುದೇ ಕಾರ್ಯಕರ್ತರಿಗೆ ಇನ್ನೊಂದು ಕೆಲಸ. ಅದಕ್ಕಿಂತ ಮುಖ್ಯ, ಎಲ್ಲವನ್ನೂ ಕಳೆದುಕೊಂಡವರ ಮುಂದೆ ಬೇರೆಯವರು ಬಿಟ್ಟ ಬಟ್ಟೆ ಸುರಿಯುವುದು ಅವರ ಮನಸ್ಸಿಗೆ ನೋವು ಕೊಡುತ್ತದೆ. ನಿಮ್ಮ ಬೀದಿಯವರು ಕೊಡಲು ಬಂದರೆ ನಯವಾಗಿ ಬೇಡ ಅನ್ನಿ. ಬದಲಿಗೆ ಒಂದು ಹೊಸ ಲುಂಗಿ, ಒಂದು ಹೊಸ ನೈಟಿ ಕೇಳಿ.

ಹೊರಡುವ ಮುಂಚೆ ಆ ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮಿಗೆ ಫೋನ್ ಮಾಡಿ. ಅದರ ನಂಬರ್ 1077, ಇಲ್ಲಿಂದ ಮಾಡುವಾಗ ಆ ಊರಿನ ಎಸ್‌ಟಿಡಿ ಕೋಡ್ ಸೇರಿಸಬೇಕು. ಯಾವ ಊರಿಗೆ ಏನು ತಲುಪಿಲ್ಲ ಅಂತ ಕೇಳಿ. ಅವರು ಹೇಳಿದ ಮೇಲೂ ಆ ಊರಿನ ಶಾಲೆ ಮೇಷ್ಟ್ರನ್ನೋ ಮಹಿಳಾ ಸ್ವಸಹಾಯ ಸಂಘದವರನ್ನೋ ಹುಡುಕಿ ಮಾತಾಡಿ. ಸಂಘದ ಹೆಂಗಸರಿಗೆ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ ಎಲ್ಲ ಗೊತ್ತಿರುತ್ತದೆ. ಅವರು ಬರೆದುಕೊಟ್ಟ ಪಟ್ಟಿಯಷ್ಟು ಸರಿಯಾದ ಪಟ್ಟಿ ಇನ್ನೆಲ್ಲೂ ಸಿಗುವುದಿಲ್ಲ.

ಲಾರಿಯನ್ನು ಮೇನ್ ರೋಡಿನಲ್ಲಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಅಲ್ಲೇ ಖಾಲಿಯಾಗುತ್ತದೆ. ರಸ್ತೆ ಬದಿಯ ಊರಿಗೆ ಹತ್ತು ಲಾರಿ ಬಂದಿರುತ್ತವೆ, ಒಳಗೆ ಎರಡು ಕಿಲೋಮೀಟರ್ ಹೋದರೆ ಒಂದೂ ಬಂದಿರುವುದಿಲ್ಲ. ಊರಿನ ಕೊನೆಯ ದಲಿತ ಕೇರಿಗೆ ಸಾಮಾನು ಮುಟ್ಟುವ ಹೊತ್ತಿಗೆ ಮುಗಿದಿರುತ್ತದೆ. ಇದು ನಮ್ಮ ಕಡೆಯೂ ಹೀಗೇ ಆಗುತ್ತದೆ, ನಿಮಗೆ ಗೊತ್ತಿಲ್ಲದ್ದೇನಲ್ಲ. ಆದ್ದರಿಂದ ಆ ತುದಿಯಿಂದಲೇ ಹಂಚಲು ಶುರು ಮಾಡಿ. ಊರಿನ ಯಾರಾದರೂ ದೊಡ್ಡವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಈಗ ಎತ್ತಿಟ್ಟ ದುಡ್ಡಿನ ವಿಷಯ. ನಮ್ಮ ಕಾಫಿ ತೋಟಗಳಲ್ಲಿ ಮರಗಸಿ ಮಾಡುವವರು, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಸವರುವವರು ಇದ್ದಾರಲ್ಲ, ಅವರಂಥ ಕೆಲಸಗಾರರು ಚಂಡಮಾರುತದ ಊರಿಗೆ ಸಿಕ್ಕರೆ ಅದೇ ದೊಡ್ಡ ದಾನ. ನವೆಂಬರ್, ಡಿಸೆಂಬರ್‌ನಲ್ಲಿ ಅವರು ಹಣ್ಣು ಕೊಯ್ಲಿನಲ್ಲಿರುತ್ತಾರೆ, ಕರೆದರೆ ಬರಲಾಗುವುದಿಲ್ಲ. ಕೊಯ್ಲು ಮುಗಿದ ಮೇಲೆ ಕರೆಯಿರಿ. ಪುಕ್ಕಟೆ ಬನ್ನಿ ಅನ್ನಬೇಡಿ. ದಿನಗೂಲಿಯವರಿಗೆ ಕೂಲಿ ತಪ್ಪಿದರೆ ಮನೆ ನಡೆಯುವುದಿಲ್ಲ. ಊರಿನಲ್ಲಿ ಸಿಗುವಷ್ಟೇ ಕೂಲಿ ನಿಮ್ಮ ನಿಧಿಯಿಂದ ಕೊಡಿ. ಹಾಗೆ ಖರ್ಚಾದ ದುಡ್ಡು ಒಂದು ಪೈಸೆಯೂ ದಂಡವಲ್ಲ.

ಬಿದ್ದ ಮರ ಕೊಯ್ಯುವುದು ನಿಂತ ಮರ ಕಡಿಯುವುದಕ್ಕಿಂತ ಅಪಾಯ. ಬೇರು ಸಮೇತ ಒರಗಿದ ಮರದ ಬೊಡ್ಡೆಯ ಹತ್ತಿರ ಪವರ್ ಸಾ (ಮರ ಕೊಯ್ಯುವ ಮೆಷಿನ್) ಹಾಕಿದರೆ, ಮೇಲಿನ ಭಾರ ಕಳಚಿದ ಕೂಡಲೇ ಬೇರಿನ ಗಡ್ಡೆ ದಬಕ್ಕನೆ ಗುಂಡಿಗೆ ವಾಪಸ್ ಬೀಳುತ್ತದೆ, ಕೊರಡು ಎದ್ದು ನಿಲ್ಲುತ್ತದೆ. ಆ ಗುಂಡಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಆದ್ದರಿಂದ ತಲೆ ಕಡೆಯಿಂದ ಗರಿ ತೆಗೆದು, ಎರಡೆರಡು ಅಡಿ ತುಂಡು ಮಾಡುತ್ತಾ ಬರಬೇಕು. ಗುಂಡಿ ಕಡೆ ಒಬ್ಬರು ಕಾವಲು ನಿಲ್ಲಲೇಬೇಕು. ಮನೆ ಮೇಲೆ ಬಿದ್ದ ಮರಕ್ಕೆ ಹಗ್ಗ ಕಟ್ಟಿ, ಆಧಾರ ಕೊಟ್ಟು, ಆಮೇಲೆ ಕೈ ಹಾಕಬೇಕು. ಕೆಳಗೆ ಕರೆಂಟ್ ವೈರ್ ಸಿಕ್ಕಿಕೊಂಡಿದೆಯಾ ನೋಡಬೇಕು. ಅನುಭವ ಇಲ್ಲದ ಉತ್ಸಾಹಿ ಹುಡುಗರ ಕೈಗೆ ಮೆಷಿನ್ ಕೊಡಬೇಡಿ, ಅವರಿಗೆ ತುಂಡು ಸಾಗಿಸುವ ಕೆಲಸ ಬೇಕಾದಷ್ಟಿದೆ. ಎಲ್ಲರಿಗೂ ಬೂಟು, ಗ್ಲೌಸು, ಹೆಲ್ಮೆಟ್ ಇರಲಿ. ಹೊರಡುವ ಮುಂಚೆ ಧನುರ್ವಾಯು ತಡೆಯುವ ಇಂಜೆಕ್ಷನ್ ಹಾಕಿಸಿಕೊಳ್ಳಿ. ಮೆಷಿನ್ನಿನ ಚೈನು, ಅದರ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಇಲ್ಲಿಂದಲೇ ಜಾಸ್ತಿ ತಗೊಂಡು ಹೋಗಿ.

ತೋಟದಲ್ಲಿ ಬಿದ್ದ ಮರಗಳನ್ನು ಸುಮ್ನೆ ಬಿಡುವ ಹಾಗಿಲ್ಲ. ಕೊಳೆಯುವ ತೆಂಗಿನ ಕಾಂಡದಲ್ಲಿ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ. ಮರಿ ಹುಳ ಅಲ್ಲೇ ಬೆಳೆದು, ದುಂಬಿಯಾಗಿ ಹೊರಬಂದು, ಗಾಳಿಗೆ ಉಳಿದ ಮರದ ಸುಳಿ ಕೊರೆಯುತ್ತದೆ, ಹೊಸ ಸಸಿಯನ್ನೂ ಬಿಡುವುದಿಲ್ಲ. ಎಕರೆಗೆ ಸುಮಾರು 70 ಮರ ಅಂತ ಇಟ್ಟುಕೊಂಡರೂ ಒಬ್ಬ ಸಣ್ಣ ರೈತ ಸ್ವಂತ ದುಡ್ಡಿನಲ್ಲಿ ಅಷ್ಟನ್ನು ಕೊಯ್ಯಿಸಿ ಸಾಗಿಸುವುದು ಆಗದ ಮಾತು. ಅವನ ಆದಾಯ ಆಗಲೇ ನೆಲಕ್ಕೆ ಬಿದ್ದಿದೆ. ಎತ್ತರದ ತಳಿಯ ಸಸಿ ನೆಟ್ಟರೆ ಕಾಯಿ ಬಿಡಲು ಆರೇಳು ವರ್ಷ ಬೇಕು. ಆ ವರ್ಷಗಳ ಹೊಟ್ಟೆಪಾಡು ಅವರ ನಿಜವಾದ ಸಮಸ್ಯೆ. ತೋಟ ಖಾಲಿಯಾದರೆ ಬಾಳೆ, ಕಡಲೆಕಾಯಿ, ತರಕಾರಿ ಹಾಕಬಹುದು. ಬೀಜಕ್ಕೆ, ಪಂಪು ರಿಪೇರಿಗೆ, ಎರಡು ಮೇಕೆಗೆ ಕೊಟ್ಟ ದುಡ್ಡು ಬಹಳ ದೂರ ಹೋಗುತ್ತದೆ. ತೆಂಗಿನ ಸಸಿಯನ್ನು ಮಾತ್ರ ನಮ್ಮ ಕಡೆಯಿಂದ ಲಾರಿಯಲ್ಲಿ ತುಂಬಿಕೊಂಡು ಹೋಗಬೇಡಿ. ಸಸಿ ಜೊತೆ ರೋಗ, ಕೀಟ ಎರಡೂ ಹೋಗುತ್ತವೆ. ಆ ಮಣ್ಣಿಗೆ ಒಗ್ಗಿದ ತಳಿ ಅಲ್ಲಿಯ ನರ್ಸರಿಯಲ್ಲೇ ಸಿಗುತ್ತದೆ, ಅಲ್ಲಿಂದಲೇ ಕೊಡಿಸಿ.

ಮನೆ ಕಟ್ಟಿಕೊಡುವಾಗ ಬಡಗಿಗಳಿಗೆ ಒಂದು ಮಾತು ಮೊದಲೇ ಹೇಳಿ. ಮಲೆನಾಡಿನಲ್ಲಿ ನಾವು ಮಳೆ ಎರಚಲು ಗೋಡೆಗೆ ಬೀಳಬಾರದು ಅಂತ ಸೂರನ್ನು ಉದ್ದಕ್ಕೆ ಚಾಚುತ್ತೇವೆ. ಕರಾವಳಿಯ ಗಾಳಿಗೆ ಅದು ಆಗದು. ಚಾಚಿದ ಸೂರಿನ ಕೆಳಗೆ ಗಾಳಿ ನುಗ್ಗಿ ಇಡೀ ಮಾಡನ್ನು (ಚಾವಣಿಯನ್ನು) ಎತ್ತಿ ಒಗೆಯುತ್ತದೆ. ಅಲ್ಲಿಯ ಮೇಸ್ತ್ರಿಯೊಬ್ಬರು ನಮ್ಮ ಬಡಗಿಗೆ ಇದನ್ನು ನೆಲದಲ್ಲಿ ಗೆರೆ ಎಳೆದು ತೋರಿಸಿದರು. ಸೂರು ಒಂದೂವರೆ ಅಡಿ ಮೀರಬಾರದು. ಎರಡು ಕಡೆ ಇಳಿಜಾರಿನ ಮಾಡಿಗಿಂತ ನಾಲ್ಕೂ ಕಡೆ ಇಳಿಜಾರಿರುವ ಮಾಡು ಗಾಳಿಗೆ ತಡೆದುಕೊಳ್ಳುತ್ತದೆ. ಶೀಟಿಗೆ ಮೊಳೆ ಹೊಡೆದರೆ ಸಾಲದು, ಜೆ ಬೋಲ್ಟ್ (ಕೊಕ್ಕೆಯಂತೆ ಬಾಗಿದ ಬೋಲ್ಟ್) ಹಾಕಿ ಬಿಗಿಯಬೇಕು, ಅಂಚಿನಲ್ಲಿ ಇನ್ನೂ ಹತ್ತಿರ ಹತ್ತಿರ ಹಾಕಬೇಕು. ಮಾಡಿನ ಮರವನ್ನು ಗೋಡೆಗೆ, ಗೋಡೆಯ ಕಂಬವನ್ನು ಪಾಯಕ್ಕೆ ಕಬ್ಬಿಣದ ಪಟ್ಟಿಯಿಂದ ಹಿಡಿಸಬೇಕು. ಇದಕ್ಕೆ ಖರ್ಚು ಅಷ್ಟೇನೂ ಜಾಸ್ತಿಯಲ್ಲ. ಮುಂದಿನ ಚಂಡಮಾರುತಕ್ಕೆ ಆ ಮನೆ ಉಳಿಯುತ್ತದೋ ಇಲ್ಲವೋ ಅನ್ನುವುದು ಈ ಬೋಲ್ಟು, ಪಟ್ಟಿಗಳ ಮೇಲೆ ನಿಂತಿದೆ.

ನಿಮಗೆ ಯಾರಾದರೂ ದೊಡ್ಡ ಮೊತ್ತ ಕೊಡಲು ಮುಂದೆ ಬಂದರೆ, ಹತ್ತಾರು ಕಡೆ ಚದುರಿಸದೆ ಊರಿಗೆ ಗಟ್ಟಿಯಾದ ಒಂದು ಕಟ್ಟಡಕ್ಕೆ ಸೇರಿಸಲು ಹೇಳಿ. ಒಡಿಶಾದಲ್ಲಿ 1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನಿಗೆ ಸುಮಾರು 10,000 ಜನ ಸತ್ತರು. ಆಮೇಲೆ ಅವರು ಕರಾವಳಿ ಉದ್ದಕ್ಕೂ ಆಶ್ರಯ ಕಟ್ಟಡಗಳನ್ನು ಕಟ್ಟಿದರು, ಹಳ್ಳಿಯ ಹುಡುಗರಿಗೆ ತರಬೇತಿ ಕೊಟ್ಟರು. 2019ರ ಮೇ 3ಕ್ಕೆ ಪುರಿಯ ಹತ್ತಿರ ಫೋನಿ ಬಡಿಯುವ ಮುಂಚೆ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಿದ್ದರು. ಸಾವು ನೂರರ ಒಳಗೇ ನಿಂತಿತು. ಅಂಥ ಕಟ್ಟಡ ಬೇರೆ ದಿನಗಳಲ್ಲಿ ಶಾಲೆಯೂ ಆಗುತ್ತದೆ, ಅಂಗನವಾಡಿಯೂ ಆಗುತ್ತದೆ.

ಲೆಕ್ಕದ ವಿಷಯದಲ್ಲಿ ಗಟ್ಟಿಯಾಗಿರಿ. ದುಡ್ಡು ಒಬ್ಬರ ಖಾತೆಗೆ ಬರಲಿ, ಖರ್ಚಿಗೆ ಇಬ್ಬರ ಒಪ್ಪಿಗೆ ಇರಲಿ, ಪ್ರತಿ ಬಿಲ್ಲಿನ ಫೋಟೋ ಗುಂಪಿಗೆ ಹಾಕಿ. ಸಾಮಾನು ತಗೊಳ್ಳುವವರ ಫೋಟೋ ಮಾತ್ರ ತೆಗೆಯಬೇಡಿ. ದಾನಿಗಳಿಗೆ ಕೊಯ್ದ ಮರದ, ಹೊದಿಸಿದ ಮಾಡಿನ ಫೋಟೋ ಸಾಕು.

ಕೊನೆಗೆ, ನಿಮ್ಮ ಗುಂಪಿನಲ್ಲಿ ಕೈಕೆಲಸ ಬಲ್ಲವರು ಯಾರೂ ಇಲ್ಲ, ಹುಡುಕಿದರೂ ಸಿಗಲಿಲ್ಲ ಅಂದರೆ ಪ್ರಯಾಣಕ್ಕೆ ಖರ್ಚು ಮಾಡಬೇಡಿ. ಆ ದುಡ್ಡನ್ನು ಮುಖ್ಯಮಂತ್ರಿಗಳ ಪರಿಹಾರ ನಿಧಿಗೋ ಆ ಊರಿನಲ್ಲೇ ಇದ್ದು ಕೆಲಸ ಮಾಡುವ ಸಂಘಕ್ಕೋ ಕಳಿಸಿ. ಸಿಕ್ಕರೆ, ಈ ವಾರವೇ ಒಂದು ಊರು ಆರಿಸಿಕೊಂಡು ಅಲ್ಲಿಯ ಒಬ್ಬರ ಫೋನ್ ನಂಬರ್ ಇಟ್ಟುಕೊಳ್ಳಿ. ಸಂಕ್ರಾಂತಿ ಕಳೆದ ಮೇಲೆ ಅವರಿಗೇ ಫೋನ್ ಮಾಡಿ, ಎಷ್ಟು ಮರ ಇನ್ನೂ ಬಿದ್ದಿವೆ, ಎಷ್ಟು ಮನೆಗೆ ಮಾಡು ಇಲ್ಲ ಅಂತ ಕೇಳಿಕೊಂಡು, ಅಷ್ಟಕ್ಕೆ ಬೇಕಾದ ಜನರನ್ನು ಕಟ್ಟಿಕೊಂಡು ಹೊರಡಿ. ಸಕಲೇಶಪುರ ಕಡೆಯ ಪವರ್ ಸಾ ಕೆಲಸಗಾರರು ಬೇಕಿದ್ದರೆ ನನಗೆ ಬರೆಯಿರಿ, ವಿಚಾರಿಸಿ ಹೇಳುತ್ತೇನೆ.