ಡಯಾಲಿಸಿಸ್ ಮಷೀನ್ ಪಕ್ಕದಲ್ಲಿ ಆ 4 ಗಂಟೆ ಹೇಗೆ ಕಳೆಯುವುದು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಪ್ಪನಿಗೆ 61 ವರ್ಷ, ಕಿಡ್ನಿ ಕೆಲಸ ಮಾಡದ್ದರಿಂದ ಮುಂದಿನ ವಾರದಿಂದ ಡಯಾಲಿಸಿಸ್ (ಮಷೀನ್‌ನಲ್ಲಿ ರಕ್ತ ತೊಳೆಯುವುದು) ಶುರು, ವಾರಕ್ಕೆ ಮೂರು ದಿನ 4 ಗಂಟೆ ಅಲ್ಲಾಡದೆ ಮಲಗಿರಬೇಕಂತೆ, ನೋವಾಗುತ್ತದಾ, ಅಷ್ಟು ಹೊತ್ತು ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ಕೊನೆಯಲ್ಲಿ "ಒಬ್ಬಳೇ ಮಗಳು, ಅಪ್ಪ ಈಗಲೇ ಮಾತು ಬಿಟ್ಟಿದ್ದಾರೆ" ಎಂದು ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನಾನು ಕೋಲಾರದವನು. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಐದು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದೇನೆ. ಮಂಗಳವಾರ, ಗುರುವಾರ, ಶನಿವಾರ ಮಷೀನ್, ಉಳಿದ ದಿನ ಈಗಲೂ ಮಧ್ಯಾಹ್ನದವರೆಗೆ ಮಂಡಿಗೆ ಹೋಗಿ ಬರುತ್ತೇನೆ. ನಾನು ಡಾಕ್ಟರ್ ಅಲ್ಲ. ಹಾಸಿಗೆ ಮೇಲೆ ಮಲಗಿ ಕಲಿತಿದ್ದನ್ನು ಹೇಳುತ್ತೇನೆ, ಔಷಧಿ ವಿಷಯಕ್ಕೆ ಡಾಕ್ಟರನ್ನೇ ಕೇಳಿ.

ಮೊದಲು ನೋವು. ಮಷೀನ್‌ನಿಂದ ನೋವಿಲ್ಲ. ರಕ್ತ ಹೊರಗೆ ಹೋಗುವುದಾಗಲಿ ಒಳಗೆ ಬರುವುದಾಗಲಿ ಗೊತ್ತೇ ಆಗುವುದಿಲ್ಲ. ನೋವೆಲ್ಲ ಸೂಜಿಯದ್ದು. ಎರಡು ಸೂಜಿ ಚುಚ್ಚುತ್ತಾರೆ, ರಕ್ತ ತೆಗೆಯಲು ಒಂದು, ವಾಪಸ್ ಕೊಡಲು ಒಂದು. ಸಾಮಾನ್ಯ ಇಂಜೆಕ್ಷನ್ ಸೂಜಿಗಿಂತ ಜಾಸ್ತಿ ದಪ್ಪ. ಚುಚ್ಚುವಾಗ ಜೀವ ಹೋದ ಹಾಗಾಗುತ್ತದೆ, ಆಮೇಲೆ ಏನೂ ಇಲ್ಲ. ತುಂಬಾ ಹೆದರುವವರಿಗೆ ಮುಂಚೆಯೇ ಹಚ್ಚಿಕೊಳ್ಳುವ ಮರಗಟ್ಟಿಸುವ ಕ್ರೀಮ್ ಇದೆ, ಕೇಳಿ ನೋಡಿ. ಇನ್ನೊಂದು ವಿಷಯ. ಕೈಯಲ್ಲಿ ಫಿಸ್ಟುಲಾ ಮಾಡಿದ್ದಾರಾ? ಅಂದರೆ ಎರಡು ರಕ್ತನಾಳ ಸೇರಿಸಿ ಹೊಲಿಯುವ ಸಣ್ಣ ಆಪರೇಷನ್. ಅದು ದಪ್ಪಗಾಗಿ ಸೂಜಿ ತಾಳಲು ಒಂದೂವರೆ ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಸಾಮಾನ್ಯವಾಗಿ ಕುತ್ತಿಗೆಯ ಹತ್ತಿರ ರಕ್ತನಾಳದೊಳಗೆ ಕ್ಯಾತಿಟರ್ ಎಂಬ ಟ್ಯೂಬ್ ಹಾಕುತ್ತಾರೆ. ಹಾಗಿದ್ದರೆ ಪ್ರತಿ ಸಲ ಚುಚ್ಚುವುದಿಲ್ಲ, ಎರಡೂ ಕೈ ಖಾಲಿ ಇರುತ್ತವೆ. ಆದರೆ ಅದಕ್ಕೆ ನೀರು ತಾಕಬಾರದು, ಚಳಿ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬಾರದು.

ಫಿಸ್ಟುಲಾ ಇರುವ ಕೈಯನ್ನು ಮನೆಯಲ್ಲೂ ಮಗುವಿನ ಹಾಗೆ ನೋಡಿಕೊಳ್ಳಬೇಕು. ಆ ಕೈಯಲ್ಲಿ ಬಿ.ಪಿ. ನೋಡಿಸಬಾರದು, ರಕ್ತ ತೆಗೆಸಬಾರದು, ಭಾರ ಎತ್ತಬಾರದು, ಅದರ ಮೇಲೆ ಮಲಗಬಾರದು. ಮುಟ್ಟಿದರೆ ಒಳಗೆ ಗುರ್‌ ಎಂದು ಅದುರುತ್ತಿರುತ್ತದೆ. ನಾನು ಬೆಳಿಗ್ಗೆ ಎದ್ದ ತಕ್ಷಣ ಮೊದಲು ಅದನ್ನು ಮುಟ್ಟಿ ನೋಡುತ್ತೇನೆ. ಅದುರು ನಿಂತಿದ್ದರೆ ಅವತ್ತೇ ಆಸ್ಪತ್ರೆಗೆ ಓಡಬೇಕು.

ಈಗ ಹೊತ್ತು ಕಳೆಯುವ ವಿಷಯಕ್ಕೆ ಬರುತ್ತೇನೆ. ಮೊದಲ ಎರಡು ತಿಂಗಳು ನಾನು ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆ. 7 ಗಂಟೆಗೆ ಹಾಕಿದರೆ ಎಷ್ಟೋ ಯುಗ ಆದ ಮೇಲೆ ನೋಡಿದರೂ 7:40. ಮಷೀನ್ ಕೂಗಿದಾಗಲೆಲ್ಲ ಎದೆ ಝಲ್ಲೆನ್ನುತ್ತಿತ್ತು. ನನಗೆ ಹೊತ್ತು ಹೋಗದೆ ಇದ್ದದ್ದು ಬೇಜಾರಿಗಲ್ಲ, ಹೆದರಿಕೆಗೆ. ಇದು ಅರ್ಥವಾಗಲು ಬಹಳ ದಿನ ಹಿಡಿಯಿತು. ಹೆದರಿದವನ ಕೈಗೆ ಮೊಬೈಲ್ ಕೊಟ್ಟು ಸಿನಿಮಾ ನೋಡು ಎಂದರೆ ನೋಡುತ್ತಾನಾ? ಕಣ್ಣು ಸಿನಿಮಾದ ಮೇಲೆ, ಕಿವಿ ಮಷೀನ್ ಮೇಲೆ.

ಒಂದು ದಿನ ಟೆಕ್ನಿಷಿಯನ್ ಹುಡುಗನನ್ನು ಕೇಳಿದೆ, ಈ ಪರದೆ ಮೇಲೆ ಇಷ್ಟೊಂದು ನಂಬರ್ ಇದೆಯಲ್ಲ, ಒಂದೊಂದೂ ಏನು ಹೇಳಪ್ಪ ಎಂದು. ಅವನು ಖುಷಿಯಿಂದ ಹೇಳಿಕೊಟ್ಟ. ನನ್ನ ಜೀವನವೆಲ್ಲ ನಂಬರ್ ಜೊತೆ ಕಳೆದದ್ದು, ಬಾಕ್ಸ್ ಎಷ್ಟು, ರೇಟ್ ಎಷ್ಟು, ಕಮಿಷನ್ ಎಷ್ಟು. ಹಾಗಾಗಿ ಆ ಪರದೆ ನನಗೆ ಮಂಡಿಯ ಲೆಕ್ಕದ ಪುಸ್ತಕದ ಹಾಗೆ ಕಾಣತೊಡಗಿತು. ರಕ್ತದ ಪಂಪ್ ನಿಮಿಷಕ್ಕೆ 250, 300 ಎಂ.ಎಲ್. ಓಡಿಸುತ್ತದೆ. ಟ್ಯೂಬನ್ನು ಒತ್ತುತ್ತಾ ಸುತ್ತುವ ಚಕ್ರ ಅದು, ಅಷ್ಟೇ. ದೇಹದ ರಕ್ತವೆಲ್ಲ ಒಟ್ಟಿಗೆ ಹೊರಗೆ ಬಂದುಬಿಡುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಯಾವ ಗಳಿಗೆಯಲ್ಲಿ ನೋಡಿದರೂ ಹೊರಗೆ ಇರುವುದು ಹೆಚ್ಚುಕಡಿಮೆ ಒಂದು ಲೋಟದಷ್ಟು ರಕ್ತ. ಇದನ್ನು ಅಪ್ಪನಿಗೆ ಇವತ್ತೇ ಹೇಳಿ. ಪಕ್ಕದಲ್ಲಿ ನಿಲ್ಲಿಸಿರುವ ಕೊಳವೆ ಇದೆಯಲ್ಲ, ಡಯಲೈಸರ್, ಅದರೊಳಗೆ ಕೂದಲಿನಂಥ ಸಾವಿರಾರು ನಳಿಗೆಗಳು. ರಕ್ತ ನಳಿಗೆಯ ಒಳಗೆ, ಶುದ್ಧ ಮಾಡುವ ನೀರು ಹೊರಗೆ. ಎರಡೂ ಬೆರೆಯುವುದಿಲ್ಲ. ರಕ್ತದಲ್ಲಿರುವ ಕಸ, ಮತ್ತೆ ಮೂತ್ರವಾಗಿ ಹೋಗದೆ ಮೈಯಲ್ಲಿ ಉಳಿದ ನೀರು ನಳಿಗೆಯ ಗೋಡೆ ದಾಟಿ ಆ ಕಡೆ ಹೋಗುತ್ತವೆ.

ಶುದ್ಧ ಮಾಡುವ ಆ ನೀರು ನಿಮಿಷಕ್ಕೆ 500 ಎಂ.ಎಲ್. ಲೆಕ್ಕ ಹಾಕಿದೆ. 4 ಗಂಟೆಗೆ 120 ಲೀಟರ್. ಅದೂ ಆರ್.ಓ. ಪ್ಲಾಂಟ್‌ನಲ್ಲಿ ಶುದ್ಧ ಮಾಡಿದ ನೀರು. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಒಣ ಧೂಳು ಬರುತ್ತದೆ, ನೀರು ಸಿಕ್ಕರೆ ಅದರಲ್ಲಿ ಫ್ಲೋರೈಡ್. ನಮ್ಮಮ್ಮ ಬಿಂದಿಗೆ ಲೆಕ್ಕದಲ್ಲಿ ಸಂಸಾರ ಮಾಡಿದವರು. ನನ್ನೊಬ್ಬನ ರಕ್ತ ತೊಳೆಯಲು ಒಂದು ಸಲಕ್ಕೆ ಇಷ್ಟು ನೀರು ಹೋಗುತ್ತದೆ ಎಂದು ಗೊತ್ತಾದ ದಿನ ನಾನು ಮಷೀನ್‌ಗೆ ಕೈ ಮುಗಿದೆ. ಅವತ್ತಿನಿಂದ ಅದು ನನಗೆ ಶತ್ರು ಅಲ್ಲ.

ಕೂಗುವುದಕ್ಕೂ ಕಾರಣ ಇರುತ್ತದೆ. ನಿದ್ದೆಯಲ್ಲಿ ಕೈ ಮಡಚಿದರೆ ಒತ್ತಡ ಏರಿ ಕೂಗುತ್ತದೆ. ಟ್ಯೂಬ್ ಬೆನ್ನಿನ ಕೆಳಗೆ ಸಿಕ್ಕಿಕೊಂಡರೆ ಕೂಗುತ್ತದೆ. ಗಾಳಿ ಗುಳ್ಳೆ ಕಂಡರೆ ಪಂಪ್ ನಿಲ್ಲಿಸಿ, ಟ್ಯೂಬನ್ನು ತಾನೇ ಹಿಸುಕಿ ಹಿಡಿಯುತ್ತದೆ, ಆ ಗಾಳಿ ನಮ್ಮ ಮೈ ಸೇರದ ಹಾಗೆ. ಕರೆಂಟ್ ಹೋದರೆ ಬ್ಯಾಟರಿ ಸ್ವಲ್ಪ ಹೊತ್ತು ಪಂಪ್ ಓಡಿಸುತ್ತದೆ, ಅದೂ ಆಗದಿದ್ದರೆ ಕೈಯಲ್ಲಿ ತಿರುಗಿಸಿ ರಕ್ತ ವಾಪಸ್ ಕೊಡುತ್ತಾರೆ. ಆದರೆ ಒಂದು ಎಚ್ಚರ. ಸೂಜಿ ಜಾರಿ ಬಂದರೆ ಮಷೀನ್‌ಗೆ ಕೆಲವು ಸಲ ಗೊತ್ತಾಗುವುದಿಲ್ಲ. ಆದ್ದರಿಂದ ಎಷ್ಟೇ ಚಳಿಯಾದರೂ ಸೂಜಿ ಇರುವ ಕೈಯನ್ನು ಹೊದಿಕೆಯೊಳಗೆ ಮುಚ್ಚಬಾರದು. ಸಿಸ್ಟರ್ ಕಣ್ಣಿಗೆ ಆ ಕೈ ಕಾಣುತ್ತಲೇ ಇರಬೇಕು. ಚಳಿಯಂತೂ ಆಗೇ ಆಗುತ್ತದೆ. ಕಾಲಿಗೆ ಸಾಕ್ಸ್, ತಲೆಗೆ ಟೋಪಿ, ಒಂದು ಕಂಬಳಿ, ಮುಂದೆ ಗುಂಡಿ ಇರುವ ಅರ್ಧ ತೋಳಿನ ಅಂಗಿ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಇದು ನನ್ನ ನಾಲ್ಕನೆಯ ನೋಟ್‌ಬುಕ್. ಬಂದಾಗ ತೂಕ, ಹೋಗುವಾಗ ತೂಕ, ಗಂಟೆಗೊಂದು ಸಲ ಬಿ.ಪಿ., ಎಷ್ಟು ನೀರು ತೆಗೆದರು, ಕಾಲು ಹಿಡಿದುಕೊಂಡಿತಾ, ಅವತ್ತು ಏನು ತಿಂದಿದ್ದೆ. ಬಲಗೈಯಲ್ಲಿ ಬರೆಯುತ್ತೇನೆ, ಎದೆ ಮೇಲೆ ಒಂದು ರಟ್ಟು ಇಟ್ಟುಕೊಂಡು. ಗಂಟೆಗೊಂದು ಕೆಲಸ ಸಿಕ್ಕಿದ ಹಾಗಾಯಿತು. ಎರಡು ಬರಹದ ಮಧ್ಯೆ ಒಂದು ನಿದ್ದೆ, ಇಲ್ಲ ಮಾತು, ಇಲ್ಲ ಫೋನಿನಲ್ಲಿ ಆಕಾಶವಾಣಿ. ರೇಡಿಯೋ ನನಗೆ ವೀಡಿಯೋಗಿಂತ ಹಿತ, ಒಂದೇ ಕೈಯಲ್ಲಿ ಫೋನ್ ಎತ್ತಿ ಹಿಡಿದರೆ ಅರ್ಧ ಗಂಟೆಗೆ ಭುಜ ಸೋಲುತ್ತದೆ. ನಮ್ಮಲ್ಲಿ ಒಬ್ಬ ಅಕ್ಕ ನಾಲ್ಕೂ ಗಂಟೆ ಒಂದೇ ಕೈಯಲ್ಲಿ ಜಪಮಣಿ ಎಣಿಸುತ್ತಾರೆ. ಇನ್ನೊಬ್ಬ ಹುಡುಗ ಕಾಲೇಜು ಪರೀಕ್ಷೆಗೆ ಅಲ್ಲೇ ಓದಿ ಪಾಸಾದ.

ನನ್ನ ಪಕ್ಕದ ಹಾಸಿಗೆಯಲ್ಲಿ ಎರಡು ವರ್ಷ ಒಬ್ಬ ರಿಟೈರ್ಡ್ ಮೇಷ್ಟ್ರು ಇದ್ದರು. ಫೋನಿನಲ್ಲಿ ಓದಿದ್ದನ್ನೆಲ್ಲ ಜೋರಾಗಿ ಹೇಳುತ್ತಿದ್ದರು, ಇಡೀ ವಾರ್ಡಿಗೆ ಪಾಠ. ಈ ಮಷೀನಿನ ಹುಟ್ಟಿನ ಕಥೆ ಹೇಳಿದವರೂ ಅವರೇ. 1943ರಲ್ಲಿ, ಯುದ್ಧದ ನಡುವೆ, ಜರ್ಮನ್ನರ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ಡಾಕ್ಟರ್ ಮೊದಲ ಮಷೀನ್ ಕಟ್ಟಿದರಂತೆ. ಮಾಂಸ ತುಂಬುವ ಸಾಸೇಜಿನ ತೆಳು ಹಾಳೆಯ ಕೊಳವೆಯನ್ನು ತಿರುಗುವ ಡ್ರಮ್‌ಗೆ ಸುತ್ತಿ ಅದರೊಳಗೆ ರಕ್ತ ಹರಿಸಿದರು. ಮೊದಮೊದಲ ರೋಗಿಗಳು ಉಳಿಯಲಿಲ್ಲ. ಆದರೂ ಬಿಡಲಿಲ್ಲ ಆ ಮನುಷ್ಯ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಪ್ರಜ್ಞೆ ತಪ್ಪಿದ್ದವರು ಎದ್ದು ಕೂತರು. "ನಮ್ಮ ಅಜ್ಜಿ ಕಣಯ್ಯಾ ಆಕೆ" ಎನ್ನುತ್ತಿದ್ದರು ಮೇಷ್ಟ್ರು. ಕಳೆದ ಚಳಿಗಾಲದಲ್ಲಿ ಮೇಷ್ಟ್ರು ಹೋದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಒಂದು ದಿನ ಅಪ್ಪನ ಪಕ್ಕದ ಹಾಸಿಗೆಯೂ ಖಾಲಿ ಇರಬಹುದು. ಅವತ್ತು ಅವರು ಮನೆಗೆ ಬಂದು ಊಟ ಬೇಡ ಎನ್ನುತ್ತಾರೆ. ಬಲವಂತ ಮಾಡಬೇಡಿ, ಬೇರೆ ಮಾತು ತೆಗೆಯಬೇಡಿ. ಅವರ ಬಗ್ಗೆ ಹೇಳಿ ಎಂದು ಕೇಳಿ ಸುಮ್ನೆ ಕೂತು ಕೇಳಿಸಿಕೊಳ್ಳಿ.

ಆದರೆ 4 ಗಂಟೆ ಸುಖವಾಗಿ ಹೋಗುತ್ತದೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಮನೆಯಲ್ಲೇ ತೀರ್ಮಾನವಾಗಿರುತ್ತದೆ. ಇದು ನಾನು ಪೆಟ್ಟು ತಿಂದು ಕಲಿತದ್ದು. ಎರಡನೆಯ ವರ್ಷ, ಮಾವಿನ ಕಾಲ. ಶ್ರೀನಿವಾಸಪುರದಿಂದ ಅತ್ತೆ ಮನೆಯವರು ಹಣ್ಣು ತಂದಿದ್ದರು. ಬಿಸಿಲು, ಬಾಯಾರಿಕೆ, ಮನೆ ತುಂಬ ಜನ. ಹಣ್ಣು ತಿಂದೆ, ಮಜ್ಜಿಗೆ ಕುಡಿದೆ, ಉಪ್ಪಿನಕಾಯಿ ನೆಕ್ಕಿದೆ. ಮಂಗಳವಾರ ತಕ್ಕಡಿ ಹತ್ತಿದರೆ ನನ್ನ 56 ಕೆಜಿ ಮೇಲೆ 4 ಕೆಜಿ 200 ಗ್ರಾಂ ಜಾಸ್ತಿ. ಎಲ್ಲ ತೆಗೆದುಬಿಡಿ ಎಂದು ನಾನೇ ಹಟ ಮಾಡಿದೆ. ಮೂರನೆಯ ಗಂಟೆಗೆ ಮೀನಖಂಡ ಕಲ್ಲಾಯಿತು, ಕಣ್ಣು ಕತ್ತಲೆ, ಬಿ.ಪಿ. 70ಕ್ಕೆ ಇಳಿಯಿತು. ಕಾಲು ಮೇಲೆತ್ತಿ, ಸಲೈನ್ ಕೊಟ್ಟು ವಾಪಸ್ ತಂದರು. ಆಮೇಲೆ ಡಾಕ್ಟರ್ ಲೆಕ್ಕ ಹೇಳಿಕೊಟ್ಟರು. ಒಂದು ಕೆಜಿ ತೂಕಕ್ಕೆ ಗಂಟೆಗೆ 13 ಎಂ.ಎಲ್. ಒಳಗೇ ನೀರು ತೆಗೆದರೆ ಹೃದಯಕ್ಕೆ ಒಳ್ಳೆಯದು. ನನ್ನ ತೂಕಕ್ಕೆ 4 ಗಂಟೆಯಲ್ಲಿ 2.9 ಲೀಟರ್. ಅಪ್ಪನ ತೂಕ ಹಾಕಿ ನೀವೂ ಗುಣಿಸಿ, ಡಾಕ್ಟರ್‌ಗೆ ತೋರಿಸಿ. ಮಾವು, ಟೊಮೆಟೊ, ಎಳನೀರು ಇವುಗಳಲ್ಲಿ ಪೊಟ್ಯಾಶಿಯಂ ಜಾಸ್ತಿ, ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಡಯಾಲಿಸಿಸ್ ನಾಳೆ ಇದೆಯಲ್ಲ ಎಂದು ಇವತ್ತು ಎಳನೀರು ಕುಡಿಯುವ ಹಾಗಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಕಷ್ಟ ಇದೆ, ಬಸ್ಸಾರು. ಸೊಪ್ಪು ಕಾಳು ಬೇಯಿಸಿ ನೀರು ಬಸಿದು ಅದೇ ನೀರಿನಲ್ಲಿ ಸಾರು ಮಾಡುತ್ತೇವೆ ಅಲ್ವಾ? ಪೊಟ್ಯಾಶಿಯಂ ಹೋಗಿ ಸೇರುವುದು ಆ ನೀರಿಗೇ. ನಮಗೆ ಆ ನೀರು ಚೆಲ್ಲಬೇಕು, ಪಲ್ಯ ಸ್ವಲ್ಪ ತಿನ್ನಬಹುದು. ನನ್ನ ಹೆಂಡತಿ ಮೊದಲ ಸಲ ಆ ನೀರು ಮೋರಿಗೆ ಸುರಿದಾಗ ಅತ್ತುಬಿಟ್ಟಳು. ಈಗ ಮನೆಯವರಿಗೆ ಅವರ ಬಸ್ಸಾರು, ನನಗೆ ನನ್ನ ಪಲ್ಯ. ನೀರಿನ ಅಳತೆ ದಿನಕ್ಕೆ ಎಷ್ಟು ಮೂತ್ರ ಬರುತ್ತದೋ ಅದರ ಮೇಲೆ ಅರ್ಧ ಲೀಟರ್ ಎಂದು ನನಗೆ ಹೇಳಿದ್ದಾರೆ, ಅಪ್ಪನಿಗೆ ಎಷ್ಟು ಎಂದು ಕೇಳಿಕೊಳ್ಳಿ. ಬೆಳಿಗ್ಗೆ ಒಂದು ಬಾಟಲಿಗೆ ತುಂಬಿಟ್ಟುಬಿಡಿ, ಮಾತ್ರೆಗೂ ಅದೇ, ಕಾಫಿ ಕುಡಿದರೆ ಅಷ್ಟು ಚೆಲ್ಲಿ. ಉಪ್ಪು ಕಡಿಮೆಯಾದರೆ ಬಾಯಾರಿಕೆ ತಾನೇ ಕಡಿಮೆಯಾಗುತ್ತದೆ.

ಚಿಕ್ಕ ವಿಷಯಗಳು ಕೆಲವು. ಬೆಳಗಿನ ಬಿ.ಪಿ. ಮಾತ್ರೆ ಡಯಾಲಿಸಿಸ್ ದಿನ ನುಂಗಬೇಕಾ ಬೇಡವಾ ಎಂದು ಮೊದಲೇ ಕೇಳಿ. ಹೊಟ್ಟೆ ತುಂಬ ತಿಂದು ಹೋಗಬೇಡಿ, ಖಾಲಿ ಹೊಟ್ಟೆಯಲ್ಲೂ ಬೇಡ, ಎರಡು ಇಡ್ಲಿ ಸಾಕು. ಖರ್ಚಿನ ಚಿಂತೆ ಇದ್ದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಡಯಾಲಿಸಿಸ್ ಇದೆಯಾ ವಿಚಾರಿಸಿ. ಬಿ.ಪಿ.ಎಲ್. ಕಾರ್ಡ್, ಆಧಾರ್ ಇಟ್ಟುಕೊಂಡು ಹೋಗಿ. ಮುಗಿದ ಮೇಲೆ ಸೂಜಿ ತೆಗೆದ ಜಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಬೇಕು. ರಕ್ತ ಹೆಪ್ಪುಗಟ್ಟದಿರಲು ಔಷಧಿ ಕೊಟ್ಟಿರುತ್ತಾರೆ, ಬೇಗ ನಿಲ್ಲುವುದಿಲ್ಲ. ಅವತ್ತು ಸಂಜೆವರೆಗೆ ಮೈ ಹಿಂಡಿದ ಬಟ್ಟೆ ಹಾಗಿರುತ್ತದೆ, ಬೈಕ್ ಓಡಿಸಿಕೊಂಡು ಬರಲು ಬಿಡಬೇಡಿ.

ಅಪ್ಪ ಮಾತು ಬಿಟ್ಟಿರುವುದಕ್ಕೆ ಹೆದರಬೇಡಿ ಕಣಮ್ಮಾ. ನಾನೂ ಹದಿನೈದು ದಿನ ಬಿಟ್ಟಿದ್ದೆ. ಮೊದಲ ದಿನ ನೀವೇ ಜೊತೆಗೆ ಹೋಗಿ, ಒಳಗೆ ಬಿಡದಿದ್ದರೂ ಬಾಗಿಲ ಹತ್ತಿರ ಇರಿ. ಒಂದು ನೋಟ್‌ಬುಕ್, ಪೆನ್ನು ಕೊಟ್ಟು ಕಳಿಸಿ, ಮೊದಲ ಪುಟದ ಮೇಲೆ ದಿನಾಂಕ ನೀವೇ ಬರೆದಿಡಿ. ಬಂದಾಗ ತೂಕ ಎಷ್ಟಿತ್ತು, ಹೋಗುವಾಗ ಎಷ್ಟಾಯಿತು, ಬಿ.ಪಿ. ಹೇಗಿತ್ತು ಎಂದು ಅಪ್ಪನ ಕೈಯಲ್ಲೇ ಇಲ್ಲಿ, ನಿಮ್ಮ ಪ್ರಶ್ನೆಯ ಕೆಳಗೆ, ಬರೆಸಿ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ 7ರಿಂದ 11ರವರೆಗೆ ನನ್ನ ಬಲಗೈ ಖಾಲಿ ಇರುತ್ತದೆ, ಆಗ ಓದಿ ಉತ್ತರ ಬರೆಯುತ್ತೇನೆ.